ಬಾವುಟಗುಡ್ಡೆಗೆ ನಡೆದೇ ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನೋಡುವಂಥ ಜಾಗಗಳ ಬಗ್ಗೆ ಐದು ನಿಮಿಷ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಬೀಚು, ಮಾಲುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ಜಾಗದ ಬಗ್ಗೆ ಹೇಳುತ್ತೇನೆ. ಬಾವುಟಗುಡ್ಡೆ. ಲೈಟ್‌ಹೌಸ್ ಹಿಲ್ ಅಂದರೆ ಕೆಲವರಿಗೆ ಬೇಗ ಗೊತ್ತಾದೀತು. ಅದರ ತಲೆಯ ಮೇಲೆ ಟಾಗೋರ್ ಪಾರ್ಕು ಉಂಟು, ಸಣ್ಣದು. ಹೇಳುವ ಮಾತೂ ಒಂದೇ: ಅಲ್ಲಿಗೆ ನಡೆದುಕೊಂಡು ಹೋಗಿ.

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗ ಬೆಂಗಳೂರಿನಿಂದ ಹೆಂಡತಿ, ಮಗಳ ಜೊತೆ ಬಂದಿದ್ದ. ಕಾರಿನಲ್ಲೇ ಗುಡ್ಡೆ ಹತ್ತಿದ. ಇಳಿದು ನಾಲ್ಕು ಫೋಟೋ ತೆಗೆದ. "ಇಷ್ಟೇನಾ ಮಾವ?" ಎಂದ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಹೀಗೆ ಕೇಳಿದರೆ ಹೇಗಾಗಬೇಡ? ಆದರೆ ಮನೆಗೆ ಬಂದವರ ಮೇಲೆ ಸಿಟ್ಟು ಮಾಡಲಿಕ್ಕೆ ಆಗ್ತದಾ? ಮರುದಿನ ಸಂಜೆ ಕಾರಿನ ಕೀ ನನ್ನ ಕಿಸೆಗೆ ಹಾಕಿಕೊಂಡೆ. ಸಿಟಿ ಬಸ್ಸಿನಲ್ಲಿ ಎಲ್ಲರನ್ನೂ ಹಂಪನಕಟ್ಟೆಯಲ್ಲಿ ಇಳಿಸಿ, ಅಲ್ಲಿಂದ ಏರು ಹತ್ತಿಸಿದೆ.

ಅರ್ಧ ದಾರಿಗೇ ಅವನಿಗೆ ಏದುಸಿರು. ನಮ್ಮ ಸೆಕೆ ಗೊತ್ತಲ್ಲ, ಡಿಸೆಂಬರಿನಲ್ಲೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಗಳಿಗೆ ಎಂಟು ವರ್ಷ. ಅವಳು ಕೇಳಿದಳು, "ಅಜ್ಜ, ಬಾವುಟ ಹಾರಿಸೋಕೆ ಇಷ್ಟು ಮೇಲೆ ಯಾಕೆ ಬರಬೇಕಿತ್ತು? ಕೆಳಗೇ ಹಾರಿಸಬಹುದಿತ್ತಲ್ವಾ?"

ನೋಡಿ, ಕಾರಿನಲ್ಲಿ ಕೂತಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ನಾನು ಉತ್ತರ ಹೇಳಲಿಲ್ಲ. ಮೇಲೆ ಹೋದ ಮೇಲೆ ಅವಳ ಭುಜ ಹಿಡಿದು ಪಡುವಣಕ್ಕೆ ತಿರುಗಿಸಿದೆ. ಕಟ್ಟಡಗಳ ಸಂದಿಯಲ್ಲಿ, ತೆಂಗಿನ ಗರಿಗಳ ಆಚೆ, ಒಂದು ಗೆರೆ ಸಮುದ್ರ ಕಾಣುತ್ತಿತ್ತು. ಅದರ ಈಚೆಗೇ ನಮ್ಮ ಹಳೇ ಬಂದರು. "ಇಲ್ಲಿ ಹಾರಿಸಿದರೆ ಯಾರಿಗೆಲ್ಲ ಕಾಣ್ತದೆ, ನೀನೇ ಹೇಳು" ಎಂದೆ. ಅವಳು ಸ್ವಲ್ಪ ಹೊತ್ತು ನೋಡಿ, "ಎಲ್ಲರಿಗೂ" ಎಂದಳು.

ಆಮೇಲೆ ಕಥೆ ಹೇಳಿದೆ. 1837. ಕಂಪನಿ ಸರಕಾರ ಕಂದಾಯವನ್ನು ಬೆಳೆಯ ರೂಪದಲ್ಲಿ ಬೇಡ, ದುಡ್ಡಿನಲ್ಲೇ ಕೊಡಿ ಎಂದಿತು. ಭತ್ತ ಬೆಳೆಯುವವನ ಹತ್ತಿರ ನಾಣ್ಯ ಎಲ್ಲಿಂದ ಬರಬೇಕು? ಸುಳ್ಯ, ಪುತ್ತೂರು ಕಡೆಯ ರೈತರು ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದರು. ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂದು, ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಈ ಗುಡ್ಡೆಯಲ್ಲಿ ಏರಿಸಿದರು. 13 ದಿನ ಊರು ಅವರದ್ದೇ. ಆಮೇಲೆ ಕಂಪನಿ ಹೊರಗಿನಿಂದ ಪಡೆ ತರಿಸಿತು. ಸಿಕ್ಕಿಬಿದ್ದ ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. 1857ಕ್ಕೆ 20 ವರ್ಷ ಮೊದಲಿನ ಮಾತು ಇದು. 

ಸುಳ್ಯದಿಂದ ಇಲ್ಲಿಗೆ 80 ಕಿಲೋಮೀಟರಿಗೂ ಜಾಸ್ತಿ. ಅವರು ಅಷ್ಟು ದೂರದಿಂದ ಬಂದರು. ನಿಮಗೆ ಹಂಪನಕಟ್ಟೆಯಿಂದ ಆಗುವುದಿಲ್ಲವಾ ಮಾರಾಯ್ರೇ?

ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು 2022ರಲ್ಲಿ ಗುಡ್ಡೆಯ ಮೇಲೆ ನಿಲ್ಲಿಸಿದ್ದಾರೆ. ಅದರ ಮುಂದೆ ಎರಡು ನಿಮಿಷ ನಿಲ್ಲಿ. ಸೆಲ್ಫಿ ಆಮೇಲೆ.

ಓ, ಗಾಜಿನ ಆಚೆಯಿಂದ ಕೈಸನ್ನೆ ಮಾಡ್ತಾ ಇದ್ದಾರೆ, ಸಮಯ ಆಯಿತಂತೆ. ದೀಪಸ್ತಂಭದ ಬಗ್ಗೆ ಹೇಳಲೇ ಇಲ್ಲ. ಗಿಡ್ಡ ಗೋಪುರ, ಈಗ ದೀಪ ಉರಿಯುವುದಿಲ್ಲ. ಹತ್ತಿರದಲ್ಲೇ ಅಲೋಶಿಯಸ್ ಕಾಲೇಜಿನ ಚಾಪೆಲ್ ಉಂಟು. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ ಎರಡು ವರ್ಷ ಕೂತು ಅದರ ಗೋಡೆ, ಮಾಡು ಎಲ್ಲ ಚಿತ್ರದಿಂದ ತುಂಬಿಸಿದ್ದಾನೆ. ಅದಕ್ಕೇ ಬೇರೆ ಐದು ನಿಮಿಷ ಬೇಕು, ಕೊಟ್ಟರೆ ಬರುತ್ತೇನೆ.

ಬಿಸಿಲು ಇಳಿದ ಮೇಲೆ ಹೊರಡಿ. ನೀರು ಹಿಡಿದುಕೊಳ್ಳಿ. ಮಳೆಗಾಲವಾದರೆ ಚಪ್ಪಲಿ ಗಟ್ಟಿ ಇರಲಿ, ಪಾಚಿ ಜಾರುತ್ತದೆ. ಇಳಿದು ಬಂದ ಮೇಲೆ ಒಂದು ಪೊಟ್ಟಣ ಚರುಮುರಿ ತಿನ್ನಿ, ನಮ್ಮ ಹುಡುಗಿ ಎರಡು ತಿಂದಳು. ಕಾರು ನಿಲ್ಲಿಸಲಿಕ್ಕೆ ಜಾಗ ಎಲ್ಲಿ ಉಂಟು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಮಸ್ಕಾರ.