ಉಣ್ಣೆಗೆ ಬಣ್ಣ ಕಚ್ಚುವ ಬಗೆ

ಕೇಳುಗರೇ, ನಮಸ್ಕಾರ.

ಕಲಬುರಗಿ ಸೀಮೆಯ ಕರಿ ಕಂಬಳಿಗೆ ಕುರಿಯ ಮೈಬಣ್ಣವೇ ಬಣ್ಣ. ದಖ್ಖನಿ ಕುರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದರೆ ಆಯಿತು. ಬಿಳಿ ಉಣ್ಣೆಯ ನೂಲಿಗೆ ಕೆಂಪನ್ನೋ ನೀಲಿಯನ್ನೋ ಹಾಕಿ ಅಂಚು ನೇಯಬೇಕೆಂದಾಗ ಮಾತ್ರ ತೊಡಕು ಎದುರಾಗುತ್ತದೆ. ಹತ್ತಿಗೆ ಬಣ್ಣ ಹಾಕಿ ರೂಢಿಯಿದ್ದ ನಾನು ಮೊದಲ ಸಲ ಉಣ್ಣೆಯ ಬಾನಿಗೂ ಸೋಡಾ ಸುರಿದು ಕುದಿಸಿದೆ. ಲಡಿ ಹಳದಿಗಟ್ಟಿತು, ಕೈಗೆ ಒರಟಾಯಿತು, ಎಳೆದಲ್ಲೆಲ್ಲ ಎಳೆ ತುಂಡಾಯಿತು. ಉಣ್ಣೆಯ ಬಲದ ದೊಡ್ಡ ಪಾಲು ಅದರೊಳಗಿನ ಗಂಧಕದ ಕೊಂಡಿಗಳಲ್ಲಿದೆ. ಸೋಡಾದಂತಹ ಬಿಸಿ ಕ್ಷಾರ ಆ ಕೊಂಡಿಗಳನ್ನೇ ಮುರಿಯುತ್ತದೆ.

1956ರಲ್ಲಿ ಮಾರುಕಟ್ಟೆಗೆ ಬಂದ ಪ್ರೋಸಿಯಾನ್ ಎಂಬ ರಿಯಾಕ್ಟಿವ್ ಬಣ್ಣ, ಎಂದರೆ ಎಳೆಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಹತ್ತಿಗಾಗಿ ಬಂದದ್ದು. ಹತ್ತಿಯಲ್ಲಿ ಬಣ್ಣ ಹಿಡಿಯುವ ಹೈಡ್ರಾಕ್ಸಿಲ್ ಗುಂಪು ಕ್ಷಾರವಿಲ್ಲದೆ ಎಚ್ಚರಗೊಳ್ಳುವುದಿಲ್ಲ. ಉಣ್ಣೆಯಾದರೋ ಕೆರಾಟಿನ್ ಎಂಬ ಪ್ರೋಟೀನು. ಅದರಲ್ಲಿ ಬಣ್ಣ ಹಿಡಿಯಲು ಅಮೈನೋ ಗುಂಪುಗಳಿವೆ. ಹುಳಿ ನೀರಿನಲ್ಲಿ ಆ ಗುಂಪುಗಳು ಧನಾವೇಶ ಪಡೆಯುತ್ತವೆ, ಬಣ್ಣದ ಅಣುವಿನ ಸಲ್ಫೋನೇಟ್ ಭಾಗದಲ್ಲಿ ಋಣಾವೇಶವಿದೆ, ಹೀಗಾಗಿ ಬಣ್ಣ ಎಳೆಯತ್ತ ತಾನೇ ಸಾಗುತ್ತದೆ. ಇದು ಬರಿಯ ಸೆಳೆತ, ಬಿಡಿಸಿಕೊಳ್ಳಬಲ್ಲದ್ದು. ನೀರು ಕುದಿಯ ಸಮೀಪಕ್ಕೆ ಬಂದಾಗ, ಆವೇಶವಿಲ್ಲದೆ ಉಳಿದ ಅಮೈನೋ ಗುಂಪುಗಳೊಡನೆ ಬಣ್ಣ ಕೋವೇಲೆಂಟ್ ಎಂಬ ಗಟ್ಟಿ ರಾಸಾಯನಿಕ ಬಂಧದಿಂದ ಬೆಸೆದುಕೊಳ್ಳುತ್ತದೆ. ಆಮೇಲೆ ಅದು ಒಗೆತಕ್ಕೆ ಜಗ್ಗುವುದಿಲ್ಲ. 1966ರಲ್ಲಿ ಬಂದ ಲಾನಸೋಲ್ ಉಣ್ಣೆಗೆಂದೇ ರೂಪಿಸಿದ ಇಂತಹ ಬಣ್ಣ.

ಹುಳಿ ಹೆಚ್ಚಾದರೆ ಸೆಳೆತ ಜೋರಾಗುತ್ತದೆ, ಬೆಸುಗೆ ನಿಧಾನವಾಗುತ್ತದೆ. ಆದ್ದರಿಂದ ನೀರಿನ ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು), 4.5ರಿಂದ 6ರ ನಡುವೆ ಇರಬೇಕು. ನಮ್ಮಲ್ಲಿ ಇದಕ್ಕೆ ಇನ್ನೊಂದು ಅಡ್ಡಿಯಿದೆ. ಸೇಡಂ, ಶಹಾಬಾದ್ ಕಡೆಯದು ಸುಣ್ಣಕಲ್ಲಿನ ನೆಲ; ಅಲ್ಲಿನ ಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ನೀವು ಹಾಕಿದ ವಿನೆಗರ್‌ನ ಒಂದು ಪಾಲನ್ನು ತಿಂದುಬಿಡುತ್ತದೆ. ಚಮಚದ ಲೆಕ್ಕವನ್ನು ನಂಬದೆ, ಹುಳಿ ಬೆರೆಸಿದ ಮೇಲೆ ಪಿಹೆಚ್ ಪಟ್ಟಿಯನ್ನು ಅದ್ದಿ ನೋಡಿ. ಬೆಂಕಿಯನ್ನೂ ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರಿಸಿ. ಕುರಿಯ ಮೈಮೇಲೆ ಬಿಸಿಲು ಮಳೆಗೆ ಸವೆದ ಎಳೆಯ ತುದಿಗೂ ಚರ್ಮದ ಬಳಿಯ ಬುಡಕ್ಕೂ ಬಣ್ಣ ಹೀರುವ ವೇಗ ಬೇರೆ. ಅವಸರಪಟ್ಟರೆ ಲಡಿ ಚುಕ್ಕೆಚುಕ್ಕೆಯಾಗುತ್ತದೆ. ಕುದಿಯುವಾಗ ಜೋರಾಗಿ ತಿರುವಿದರೆ ಉಣ್ಣೆ ಗಂಟುಗಟ್ಟುತ್ತದೆ.

ಕೊನೆಗೆ, ಗಾಢ ಬಣ್ಣವಾದರೆ, 80 ಡಿಗ್ರಿಯ ನೀರಿಗೆ ಸ್ವಲ್ಪ ಅಮೋನಿಯಾ ಬೆರೆಸಿ, ಪಿಹೆಚ್ ಎಂಟರಿಂದ ಎಂಟೂವರೆಯೊಳಗೆ ಇರುವಂತೆ ನೋಡಿಕೊಂಡು, ಹದಿನೈದು ನಿಮಿಷ ಲಡಿಯನ್ನು ಅದ್ದಿಡಿ. ಬೆಸೆದುಕೊಳ್ಳದೆ ಉಳಿದ ಬಣ್ಣ ಅಲ್ಲಿಯೇ ಬಿಟ್ಟುಕೊಳ್ಳುತ್ತದೆ. ತೊಳೆದ ಲಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಕಲೆ ಮೂಡಿದರೆ ಇನ್ನೊಮ್ಮೆ ತೊಳೆಯಬೇಕು.