ಚಂದಮಾಮ ಅಲ್ಲಿ ಹೆಣ್ಣು

ಕೇಳುಗರೇ, ನಮಸ್ಕಾರ.

ಇಂಗ್ಲಿಷ್ ಬಲ್ಲವರು ಫ್ರೆಂಚ್ ಕಲಿಯಲು ಕೂತರೆ ಮೊದಲ ವಾರವೇ ಒಂದು ಪ್ರಶ್ನೆ ಬರುತ್ತದೆ. ಮೇಜು ಯಾಕೆ ಹೆಣ್ಣು? ಮೇಜಿಗೆ 'ಲಾ ತಾಬ್ಲ್', ಅದು ಸ್ತ್ರೀಲಿಂಗ. ಪುಸ್ತಕಕ್ಕೆ 'ಲ ಲಿವ್ರ್', ಅದು ಪುಲ್ಲಿಂಗ. ಯಾಕೆ ಅಂದರೆ ಸುಮ್ನೆ ಹಾಗೆ.

ಇಲ್ಲಿ ಕನ್ನಡವೂ ನಮ್ಮ ಕೈ ಹಿಡಿಯುವುದಿಲ್ಲ. ನಮಗೆ ಮೇಜೂ 'ಅದು', ಪುಸ್ತಕವೂ 'ಅದು'. ಸೂರ್ಯ ಹುಟ್ಟಿದ, ಚಂದ್ರ ಮೂಡಿದ ಅನ್ನುತ್ತೇವೆ, ಅಷ್ಟೇ. ಫ್ರೆಂಚಿನಲ್ಲೂ ಸೂರ್ಯ ಗಂಡೇ. ಆದರೆ ನಮ್ಮ ಚಂದಮಾಮ ಅಲ್ಲಿ 'ಲಾ ಲ್ಯೂನ್', ಹೆಣ್ಣು!

ಅರ್ಥ ಬಿಡಿ, ಪದದ ಬಾಲ ನೋಡಿ ಅನ್ನುತ್ತೇನೆ ನಾನು. ಇಂಗ್ಲಿಷಿನ 'ನೇಷನ್' ತರಹ ಟಿ-ಐ-ಓ-ಎನ್ ಬಾಲ ಇದ್ದರೆ ಬಹುಪಾಲು ಸ್ತ್ರೀಲಿಂಗ. 'ವ್ವಾಯಾಜ್', ಅಂದರೆ ಪ್ರಯಾಣ, ಅದರಂತೆ 'ಆಜ್' ಎಂದು ಮುಗಿದರೆ ಸಾಮಾನ್ಯವಾಗಿ ಪುಲ್ಲಿಂಗ. ಕಡಲತೀರಕ್ಕೆ ಹೇಳುವ 'ಪ್ಲಾಜ್' ಮಾತ್ರ ಈ ಮಾತು ಕೇಳದೆ ಹೆಣ್ಣಾಗಿ ಕೂತಿದೆ. ಅದರಂಥವು ಇನ್ನೂ ಕೆಲವಿವೆ.

ಫ್ರೆಂಚರಿಗೇ ಇದು ತಲೆನೋವು. 2020ರಲ್ಲಿ ಜನ ಜಾಸ್ತಿ ಪುಲ್ಲಿಂಗದಲ್ಲಿ 'ಲ ಕೋವಿಡ್' ಅನ್ನುತ್ತಿದ್ದರು. ಕಾಯಿಲೆ ಅನ್ನುವ ಪದ ಸ್ತ್ರೀಲಿಂಗ, ಹಾಗಾಗಿ 'ಲಾ ಕೋವಿಡ್' ಅನ್ನಿ ಅಂದಿತು ಫ್ರೆಂಚ್ ಭಾಷೆಯ ಸರಿ-ತಪ್ಪು ನೋಡುವ ಸಂಸ್ಥೆ ಅಕಾಡೆಮಿ ಫ್ರಾನ್ಸೇಸ್. ಬಹಳ ಜನ ಕಿವಿಗೆ ಹಾಕಿಕೊಳ್ಳಲೇ ಇಲ್ಲ.

ಕಲಿಯುವವರ ಉಳಿದ ಪ್ರಶ್ನೆಗಳಲ್ಲಿ ಗಂಟು ಇರುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. '3 ವರ್ಷದಿಂದ ಪ್ಯಾರಿಸ್‌ನಲ್ಲಿದ್ದೇನೆ' ಅನ್ನಬೇಕು ಅಂತಿಟ್ಟುಕೊಳ್ಳಿ. 'ಹ್ಯಾವ್ ಬೀನ್ ಲಿವಿಂಗ್' ಅನ್ನುವುದನ್ನು ಎಲ್ಲಿ ತುರುಕುವುದು ಅಂತ ಒದ್ದಾಡುತ್ತಾರೆ. ಎಲ್ಲೂ ಬೇಡ. 'ಜಾಬೀತ್ ಆ ಪಾರೀ ದೆಪ್ವೀ ತ್ರ್ವಾ ಜಾಂ.' ಕ್ರಿಯಾಪದ ವರ್ತಮಾನದಲ್ಲೇ ಇದೆ, ನಮ್ಮ 'ಇದ್ದೇನೆ' ಇರುವ ಹಾಗೆ. 'ದೆಪ್ವೀ' ಮಾಡುವ ಕೆಲಸ 'ವರ್ಷದಿಂದ'ದಲ್ಲಿ ಕೂತಿರುವ ನಮ್ಮ 'ಇಂದ'ದ್ದು.

ವಯಸ್ಸೂ ಹಾಗೇ. 'ಐ ಆಮ್ ಟ್ವೆಂಟಿ' ಅನ್ನುವುದನ್ನು ಪದಕ್ಕೆ ಪದ ಇಟ್ಟರೆ ತಪ್ಪು. ಫ್ರೆಂಚರು ನನ್ನ ಹತ್ತಿರ 20 ವರ್ಷ ಇದೆ ಅನ್ನುತ್ತಾರೆ, 'ಜೆ ವ್ಯಾಂತಾಂ'. ಹಸಿವೂ ಹಾಗೆ ಹತ್ತಿರ 'ಇರುವ' ವಸ್ತುವೇ, 'ಜೆ ಫ್ಯಾಂ'. ನಾವೂ 'ನಾನು ಹಸಿವು' ಅನ್ನುವುದಿಲ್ಲ, ಅಲ್ವಾ?

'ತ್ಯು' ಯಾವಾಗ, 'ವು' ಯಾವಾಗ ಅಂತ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನಮಗೆ 'ನೀನು', 'ನೀವು' ಅಂದರೆ ಹೆಚ್ಚುಕಡಿಮೆ ಮುಗಿಯಿತು.

ಎಲ್ಲರೂ ಎಡವುವುದು 'ಐ ಮಿಸ್ ಯೂ' ಹತ್ತಿರ. ಫ್ರೆಂಚಿನಲ್ಲಿ ಅದು ತಿರುಗುಮುರುಗು: 'ತ್ಯು ಮ ಮಾಂಕ್'. ನೀನು ನನಗೆ ಇಲ್ಲವಾಗಿದ್ದೀಯ ಅಂತ. 'ನನಗೆ ನಿನ್ನ ನೆನಪಾಗುತ್ತಿದೆ' ಅನ್ನುವಾಗ ನಾವೂ 'ನಾನು' ಬಿಟ್ಟು 'ನನಗೆ' ಹಿಡಿಯುತ್ತೇವೆ. ಇದು ಹೊಳೆಯುವ ಮೊದಲೇ ನಾನು ಎಡವಿದ್ದೆ. ಕಲಿಸುತ್ತಿದ್ದ ಮೇಡಂ ತಮ್ಮ ದೇಶಕ್ಕೆ ವಾಪಸ್ ಹೋಗಿದ್ದರು. ಇಂಗ್ಲಿಷಿನಲ್ಲಿ ಯೋಚಿಸಿ ಅವರಿಗೆ 'ಜ ವು ಮಾಂಕ್' ಅಂತ ಬರೆದೆ. ಅಂದರೆ, ನಿಮಗೆ ನನ್ನ ನೆನಪು ಕಾಡುತ್ತಿದೆ ಅಂತ ನಾನೇ ತೀರ್ಮಾನ ಕೊಟ್ಟಿದ್ದೆ!

ಅವರ ಉತ್ತರದ ಮೊದಲ ಸಾಲು: 'ವಿ, ಅಂ ಪ.' ಹೌದು, ಸ್ವಲ್ಪ.