ಗೋಳಗುಮ್ಮಟದ ವ್ಯಾಸ ಎಷ್ಟು? ಫೋನ್ ಎರಡು ಉತ್ತರ ಕೊಟ್ಟಾಗ

(ದೃಶ್ಯ: ವಿಜಯಪುರ, ಗೋಳಗುಮ್ಮಟದ ಮುಂದಿನ ಹುಲ್ಲುಹಾಸು)

ನಮಸ್ಕಾರ. ನೀವು ಬಿ.ಎಡ್ ಅಥವಾ ಡಿ.ಎಡ್ ಓದ್ತಾ ಇದ್ದು, ಗಣಿತ ಪಾಠ ಅಂದ್ರೆ ಸ್ವಲ್ಪ ಅಳುಕು ಇದ್ದರೆ ಈ ವಿಡಿಯೋ ನಿಮಗೇ.

ನಾನು ಬಿ.ಎಡ್ ಮಾಡುವಾಗ ಏಳನೇ ತರಗತಿಗೆ ವೃತ್ತದ ಪಾಠ ಮಾಡಬೇಕಿತ್ತು. ಊರಿನದೇ ಉದಾಹರಣೆ ಇರಲಿ ಅಂತ ಹಿಂದಿನ ರಾತ್ರಿ ಫೋನಲ್ಲಿ ಈ ಗುಮ್ಮಟದ ವ್ಯಾಸ ಹುಡುಕಿದೆ. 44 ಮೀಟರ್ ಅಂತ ಬಂತು. ಕ್ಯಾಲ್ಕುಲೇಟರ್ ಒತ್ತಿದೆ, ಸುತ್ತಳತೆ ಸುಮಾರು 138 ಮೀಟರ್. ಮರುದಿನ ಬೋರ್ಡ್ ಮೇಲೆ ಬರೆದೆ. ಹಿಂದಿನ ಸಾಲಿನ ಒಬ್ಬಳು ಎದ್ದು ಕೇಳಿದಳು: "ಸರ್ರೀ, ಇದು ಒಳಗಿನ ಅಳತಿನೋ, ಹೊರಗಿಂದೋ?"

ನನಗೆ ಗೊತ್ತಿರಲಿಲ್ಲ. ನಾನು ನೋಡಿದ ಪುಟದಲ್ಲೇ 'ಹೊರ ವ್ಯಾಸ' ಅಂತ ಇತ್ತು, ಆದರೆ ನಂಬರ್ ಸಿಕ್ಕ ಕೂಡಲೇ ನಾನು ಓದೋದು ಬಿಟ್ಟಿದ್ದೆ. ಸಂಜೆ ಮತ್ತೆ ಹುಡುಕಿದರೆ ಇನ್ನೊಂದು ಕಡೆ ಒಳ ವ್ಯಾಸ 124 ಅಡಿ, ಅಂದ್ರೆ ಸುಮಾರು 38 ಮೀಟರ್. ಆ ಲೆಕ್ಕದಲ್ಲಿ ಸುತ್ತಳತೆ 119 ಮೀಟರ್. ಹತ್ತೊಂಬತ್ತು ಮೀಟರ್ ವ್ಯತ್ಯಾಸ!

ಫೋನ್ ಬೇಡ ಅಂತ ನಾನು ಹೇಳಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ಆಪ್ ದೀಕ್ಷಾದಲ್ಲಿ ಪಾಠ ನೋಡ್ತೀನಿ, ಫೋಟೋ ಹೊಡೆದರೆ ಲೆಕ್ಕ ಬಿಡಿಸುವ ಆಪ್ ಕೂಡ ಬಳಸ್ತೀನಿ. ಆದರೆ ಒಂದು ಮಗು 1/2 + 1/3 = 2/5 ಅಂತ ಬರೆದರೆ? ಆಪ್ 5/6 ಅಂತ ಸರಿ ಉತ್ತರ ತೋರಿಸುತ್ತದೆ. ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಅಂತ ಮೇಷ್ಟ್ರಿಗೆ ಕಾಣಬೇಕು. ಆಗ ಒಂದು ಜೋಳದ ರೊಟ್ಟಿ ತಗೊಳ್ಳಿ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಮ್ಮಿ ಆಗೋಕೆ ಸಾಧ್ಯನಾ? 2/5 ಅರ್ಧಕ್ಕಿಂತ ಕಮ್ಮಿ, ಅಲ್ವಾ?

ಫೋನಲ್ಲಿ ಸಿಕ್ಕ ನಂಬರಿಗೂ ಹೀಗೇ ಪ್ರಶ್ನೆ ಹಾಕಿ. ಯಾವುದರ ಅಳತೆ? ಯಾರು ಬರೆದದ್ದು? ಎರಡು ಕಡೆ ಬೇರೆ ಬೇರೆ ಇದ್ದರೆ ಯಾಕೆ? ಒಮ್ಮೊಮ್ಮೆ ಎರಡೂ ಸರಿಯೇ ಇರುತ್ತವೆ.

(ದೃಶ್ಯ: ಪರದೆ ಮೇಲೆ 44 ಮತ್ತು 38)

ಮರುದಿನ ಈ ಎರಡು ಸಂಖ್ಯೆ ಮಾತ್ರ ಬೋರ್ಡ್ ಮೇಲೆ ಬರೆದು, ಗುಮ್ಮಟದ ಗೋಡೆ ಎಷ್ಟು ದಪ್ಪ ಅಂತ ಕೇಳಿದೆ. ತುಂಬಾ ಮಕ್ಕಳು 6 ಅಂದರು. ಅದೇ ಹುಡುಗಿ ಬಂದು ಒಂದರೊಳಗೊಂದು ಎರಡು ವೃತ್ತ ಬರೆದಳು. ನಡುವಿನ ಸಂದಿಯನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಮುಟ್ಟಿ ತೋರಿಸಿ, "ಗೋಡಿ ಎರಡು ಕಡೆ ಬರತೈತ್ರಿ, ಅದಕ್ಕ 3" ಅಂದಳು.